ಒಂದರ ಹಿಂದೆ ಎಂಟು

"ಇದನ್ನು ಮುಟ್ಟಲಿಕ್ಕೆ ನಿಮಗೆ ಯಾರು ಹೇಳಿದ್ದು?"

ಸವಾದ್ ಕಂಪ್ಯೂಟರಿನಿಂದ ತಲೆ ಎತ್ತಿದ. ಐಟಿ ವಿಭಾಗದ ಬಾಗಿಲಲ್ಲಿ ನಿದಾ ನಿಂತಿದ್ದಳು. ಕುತ್ತಿಗೆಯಲ್ಲಿ ಹೆಡ್‌ಫೋನ್ ಹಾಗೆಯೇ ಇತ್ತು. ಅದರ ವೈರು ನೆಲದ ಮೇಲೆ ಎಳೆದುಕೊಂಡು ಬಂದಿತ್ತು.

ಈ ಮುಖವನ್ನು ನೋಡಬಾರದೆಂದು ಎರಡು ದಿನದಿಂದ ಊಟದ ಹೊತ್ತನ್ನೇ ಬದಲಿಸಿಕೊಂಡಿದ್ದವಳು ಅವಳು. ಈಗ ತಾನಾಗಿಯೇ ಹುಡುಕಿಕೊಂಡು ಬರುವಂತಾಯಿತಲ್ಲ... ಸಿಟ್ಟು ಇಮ್ಮಡಿಯಾಗಿದ್ದು ಅದಕ್ಕೇ.

ಗಲ್ಫಿನ ಅಲ್ ಖಫ್ಜಿಯ ಆ ತೈಲ ಕಂಪನಿಯ ಲೈಬ್ರರಿಯಲ್ಲಿ, ಎಂದೋ ಇದ್ದ ಇಂಗ್ಲಿಷ್ ಎಂಜಿನಿಯರೊಬ್ಬ ಬಿಟ್ಟುಹೋದ ಗ್ರಾಮಫೋನ್ ತಟ್ಟೆಗಳಿದ್ದವು. ಸುಮಾರು ತೊಂಬತ್ತು ವರ್ಷದ ಹಿಂದೆ ಲಂಡನ್ನಿನಲ್ಲಿ ಮುದ್ರಿಸಿದ ಆರ್ಕೆಸ್ಟ್ರಾಗಳು, ನಾಲ್ಕೇ ಜನ ಕೂತು ನುಡಿಸಿದ ತಂತಿವಾದ್ಯಗಳು. ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸುವ ಕೆಲಸ ನಿದಾಳದು. ನಾಳೆ ಆ ಎಂಜಿನಿಯರನ ಮಗಳು ಬಂದು ಕೇಳುವವಳಿದ್ದಳು.

ಆರು ವಾರದ ಹಿಂದೆ ಕಂಪ್ಯೂಟರಿನ ಧ್ವನಿ ಸರಿಮಾಡಲು ಬಂದಿದ್ದ ಸವಾದ್, ಆಮೇಲೆ ದಿನವೂ ಬರತೊಡಗಿದ್ದ. ಅವಳು ಭಟ್ಕಳದ ನವಾಯತಿ, ಅವನು ಉಪ್ಪಿನಂಗಡಿಯ ಬ್ಯಾರಿ. ಅವಳ ಮನೆಮಾತು ಅವನಿಗೆ ಬಾರದು, ಅವನದು ಅವಳಿಗೆ ಬಾರದು. ಶಾಲೆ ಬಿಟ್ಟ ಮೇಲೆ ಇಷ್ಟು ಕನ್ನಡ ಮಾತನಾಡಿದ್ದು ಈ ಮರುಭೂಮಿಯಲ್ಲೇ ಎಂದು ಇಬ್ಬರೂ ನಗುತ್ತಿದ್ದರು.

ಭಾನುವಾರ ಮಧ್ಯಾಹ್ನ ಅವನಿಂದ ನಾಲ್ಕು ವಾಯ್ಸ್ ಮೆಸೇಜ್ ಬಂದಿದ್ದವು. ಎಲ್ಲಕ್ಕಿಂತ ಕೆಳಗಿನದನ್ನು ಅವಳು ಒತ್ತಿದಳು. 'ಇನ್ನು ನಾನು ಲೈಬ್ರರಿಗೆ ಬರುವುದಿಲ್ಲ ನಿದಾ. ಹೀಗೆ ಬಂದು ಕೂರುವುದು ಸರಿಯಲ್ಲ. ಬೇಜಾರು ಮಾಡಬೇಡಿ.'

ಮೇಲಿನ ಮೂರನ್ನು ಅವಳು ಮುಟ್ಟಲಿಲ್ಲ. ಸಮಾಧಾನದ ಮಾತು ಯಾರಿಗೆ ಬೇಕು? ಭಟ್ಕಳದ ಮನೆಯವರು ಒಪ್ಪುವುದಿಲ್ಲವೆಂದು ಹೆದರಿದ, ಅಷ್ಟೆ. ಹೆದರುವವನು ಆರು ವಾರ ಯಾಕೆ ಬಂದು ಕೂರಬೇಕಿತ್ತು?

ಈಗ ನೋಡಿದರೆ ಅವಳ ಫೈಲುಗಳೆಲ್ಲ ತಲೆಕೆಳಗು.

"ನೀವು ನಂಬರ್ ತಪ್ಪು ಹಾಕಿದ್ದೀರಿ ಅಂತ ಸರಿಮಾಡಿದೆ. ನಿಮಗೆ ನಾಳೆ ತೊಂದರೆ ಆಗಬಾರದು ಅಂತ," ಎಂದ ಸವಾದ್. "ಒಂದರ ಹಿಂದೆ ಎರಡೇ ಅಲ್ವಾ ಬರುವುದು?"

"ಬನ್ನಿ ಇಲ್ಲಿ."

ಅವನು ಎದ್ದು ಅವಳ ಹಿಂದೆ ಲೈಬ್ರರಿಗೆ ನಡೆದ. ನಿದಾ ನಾಲ್ಕು ತಟ್ಟೆಗಳನ್ನು ಮೇಜಿನ ಮೇಲಿಟ್ಟು, ಮೊದಲನೆಯದನ್ನು ತಿರುಗಿಸಿ ತೋರಿಸಿದಳು. ಒಂದರ ಹಿಂದೆ ಎಂಟು. ಎರಡರ ಹಿಂದೆ ಏಳು. ಆ ಕಾಲದ ಯಂತ್ರದಲ್ಲಿ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರಂತೆ. ಅವು ಒಂದೊಂದಾಗಿ ತಾವೇ ಬೀಳುತ್ತಿದ್ದವು. ನಾಲ್ಕೂ ಮುಗಿದ ಮೇಲೆ ರಾಶಿಯನ್ನೇ ಮಗುಚಿ ಹಾಕಬೇಕಿತ್ತು. ಒಂದೊಂದು ಮುಖಕ್ಕೆ ನಾಲ್ಕು ನಿಮಿಷ.

ಒಂದರ ಹಿಂಬದಿಯ ಎಂಟನ್ನು ಎರಡು ಮಾಡಿ ಅವನು 'ಸರಿಮಾಡಿದ' ಫೈಲನ್ನು ಅವಳು ಹಾಕಿದಳು. ವಯಲಿನ್ ಮೆಲ್ಲಗೆ ಏನನ್ನೋ ಕೇಳಲು ಶುರುಮಾಡಿತು. ಅದು ಕೇಳಿ ಮುಗಿಸುವ ಮೊದಲೇ ನಾಲ್ಕೂ ವಾದ್ಯಗಳು ಧಡಧಡನೆ ಹೊರಟು ಎಲ್ಲವನ್ನೂ ಮುಗಿಸಿಬಿಟ್ಟವು.

"ಶುರು ಆದ ಕೂಡಲೇ ಕೊನೆ," ಎಂದಳು ನಿದಾ. ಅವಳ ಸ್ವರ ಒಡೆದಿತ್ತು. "ಹೀಗೆ ಕೇಳಿದರೆ ಯಾರಿಗೆ ಎಂತ ಅರ್ಥ ಆಗ್ತದೆ?"

ಸವಾದ್ ತಟ್ಟೆಯನ್ನೇ ನೋಡುತ್ತಿದ್ದ. ಆಮೇಲೆ ಅವಳನ್ನು ನೋಡಿದ.

"ನಿದಾ... ನನ್ನ ಮೆಸೇಜನ್ನು ನೀವು ಎಷ್ಟನೆಯದರಿಂದ ಕೇಳಿದ್ದು?"

ಅವಳು ತಟ್ಟೆಗಳನ್ನು ಮತ್ತೆ ಒಂದರ ಮೇಲೊಂದು ಜೋಡಿಸತೊಡಗಿದಳು.

"ನಾಲ್ಕನೆಯದರಿಂದಲಾ?"

"ಅದೇ ಕೆಳಗೆ ಇತ್ತು."

"ಉಳಿದದ್ದು?"

"ಕೇಳಲಿಲ್ಲ."

"ಎಂತ ಮಾರಾಯ್ರೆ... ತೊಂಬತ್ತು ವರ್ಷ ಹಳೇ ತಟ್ಟೆಗೆ ಇಷ್ಟು ಜಾಗ್ರತೆ. ನನಗೆ ಇಷ್ಟೇನಾ?"

ನಿದಾ ಫೋನ್ ತೆಗೆದಳು. ಈ ಬಾರಿ ಮೇಲಿನಿಂದ ಶುರುಮಾಡಿದಳು.

ಒಂದನೆಯದರಲ್ಲಿ ಅವನು, ಎದುರಿಗೆ ಹೇಳಲು ಧೈರ್ಯವಿಲ್ಲ, ನಿಮ್ಮನ್ನು ಮದುವೆಯಾಗಬೇಕೆಂದಿದ್ದೇನೆ ಎಂದಿದ್ದ. ಎರಡನೆಯದರಲ್ಲಿ ಬರೀ ಕೆಮ್ಮು, ಹೊರಗಿನ ಲಾರಿಗಳ ಸದ್ದು, 'ಹೇಳಿಬಿಟ್ಟೆ' ಎಂಬ ಒಂದು ಮಾತು. ಮೂರನೆಯದರಲ್ಲಿ ಅವನ ತಾಯಿ ರುಖಿಯಮ್ಮನ ವಿಷಯ ಬಂತು. ನೀವು ಹೂಂ ಎಂದರೆ ಶುಕ್ರವಾರ ಅವರು ಭಟ್ಕಳಕ್ಕೆ ಫೋನ್ ಮಾಡುತ್ತಾರೆ, ಮನೆಯಲ್ಲಿ ಮಾತಾಗುವವರೆಗೆ...

ಆಮೇಲೆ ನಾಲ್ಕನೆಯದು. 'ಇನ್ನು ನಾನು ಲೈಬ್ರರಿಗೆ ಬರುವುದಿಲ್ಲ ನಿದಾ. ಹೀಗೆ ಬಂದು ಕೂರುವುದು ಸರಿಯಲ್ಲ.'

ಅದೇ ಮಾತು, ಅದೇ ಸ್ವರ. ಎರಡು ದಿನ ಅವಳನ್ನು ಸುಟ್ಟ ಮಾತು ಈಗ ಅವಳ ಕಣ್ಣು ತುಂಬಿಸಿತು. 'ಎರಡು ದಿನ ಇವನು ನನ್ನ ಉತ್ತರಕ್ಕೆ ಕಾದಿದ್ದನೇ? ಉತ್ತರ ಬಾರದಿದ್ದರೂ ನನ್ನ ಫೈಲು ಸರಿಮಾಡಲು ಕೂತನೇ?'

ಕಣ್ಣೊರೆಸಿಕೊಂಡು ಕೇಳಿದಳು, "ನಿಮ್ಮ ಉಮ್ಮ ಯಾವ ಭಾಷೆಯಲ್ಲಿ ಮಾತಾಡ್ತಾರೆ?"

"ಕನ್ನಡದಲ್ಲಿ. ಈಗಲೇ ಕನ್ನಡಿ ಎದುರು ಅಭ್ಯಾಸ ಮಾಡ್ತಾ ಇದ್ದಾರಂತೆ."

"ನನ್ನಮ್ಮ ಅರ್ಧ ಕೇಳಿಯೇ ಸಿಟ್ಟಾಗುವವರು. ಒಂದರಿಂದ ಶುರುಮಾಡ್ಲಿಕ್ಕೆ ಹೇಳಿ."

"ಮಗಳ ಹಾಗೆ," ಎಂದ ಸವಾದ್. ಮತ್ತೆ ಮೆಲ್ಲಗೆ ಕೇಳಿದ, "ನನ್ನದು ನಾಲ್ಕು ಸೈಡ್ ಆಯ್ತು. ನಿಮ್ಮದು?"

ನಿದಾ ತಟ್ಟೆಯನ್ನು ಕವರಿಗೆ ಸೇರಿಸಿದಳು.

"ನನ್ನದು ಒಂದೇ ಸೈಡು," ಎಂದಳು. "ಹೂಂ."