ಟೇಪಮ್ಮ ಹಾಕದ ಸಹಿ

ಶಿಶುವಿಹಾರದ ಹೊಸ ಜಾರುಬಂಡಿಗೆ ಕೆಂಪು ಬಿಳಿ ಟೇಪು ಸುತ್ತಿ, ‘ಬಳಸಬೇಡಿ’ ಎಂಬ ಚೀಟಿ ಅಂಟಿಸಿ ಅವಳು ಕೈ ಒರೆಸಿಕೊಳ್ಳುತ್ತಿದ್ದಾಗಲೇ, ಆ ಜಾರುಬಂಡಿ ಮಾಡಿದವನು ಗೇಟು ತಳ್ಳಿಕೊಂಡು ಒಳಗೆ ಬಂದ.

ಅವನು ವೆಲ್ಡರ್. ಶಿಶುವಿಹಾರದ ಮುಖ್ಯಸ್ಥೆ ಅವನ ಅಕ್ಕ. ಅಕ್ಕ ಕೇಳಿದಳೆಂದು ಎರಡು ತಿಂಗಳ ಭಾನುವಾರಗಳನ್ನೆಲ್ಲ ಸುರಿದು, ಹಡಗಿನ ಆಕಾರದ ಜಾರುಬಂಡಿ ಮಾಡಿಕೊಟ್ಟಿದ್ದ.

ಅವಳ ಕೆಲಸ ಶಾಲೆಗಳ ಸುರಕ್ಷತೆಯ ತಪಾಸಣೆ. ಗೇಟಿನ ಚಿಲಕ ಮಕ್ಕಳ ಕೈಗೆ ಎಟುಕುತ್ತದೆಯೇ, ಔಷಧಿಯ ಬೀರುವಿಗೆ ಬೀಗವಿದೆಯೇ, ಬಾಗಿಲ ಸಂದಿಗೆ ಬೆರಳು ಸಿಕ್ಕುತ್ತದೆಯೇ, ಎಲ್ಲವನ್ನೂ ಅಳೆದು ನೋಡಬೇಕು. ಟೀಚರುಗಳು ಬೆನ್ನ ಹಿಂದೆ ಅವಳನ್ನು ಟೇಪಮ್ಮ ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು. ಮೂವತ್ತನಾಲ್ಕಾದರೂ ಮದುವೆಯಾಗದ ಮಗಳನ್ನು ಕಂಡು ಅಮ್ಮ, ಗಂಡು ನೋಡುವುದಕ್ಕೂ ನೀನು ಟೇಪು ಹಿಡಿದುಕೊಂಡೇ ಹೋಗುತ್ತೀಯ ಎಂದು ಗೊಣಗುತ್ತಿದ್ದಳು.

“ಯಾವ ಕಂಬಿ ಅಲ್ಲಾಡ್ತಿದೆ, ತೋರಿಸಿ,” ಎಂದ ಅವನು.

“ಯಾವುದೂ ಅಲ್ಲಾಡ್ತಿಲ್ಲ. ಬೆಸುಗೆ ತುಂಬಾ ಚೆನ್ನಾಗಿದೆ. ತಪ್ಪಿರೋದು ಸಂದಿನಲ್ಲಿ.”

ಅವಳು ಚೀಲದಿಂದ ಎರಡು ಮರದ ಅಚ್ಚು ತೆಗೆದಳು. ಒಂದು ಮೂರು ವರ್ಷದ ಮಗುವಿನ ಮೈಯಷ್ಟು, ಇನ್ನೊಂದು ತಲೆಯಷ್ಟು. ಮೊದಲನೆಯದು ಕಂಬಿಗಳ ನಡುವೆ ಸಲೀಸಾಗಿ ಹೊರಬಿತ್ತು. ಎರಡನೆಯದು ಅಲ್ಲೇ ನಿಂತಿತು.

“ಕಾಲು ಮುಂದಾಗಿ ಜಾರಿದ್ರೆ ಮೈ ಆಚೆ ಹೋಗುತ್ತೆ, ತಲೆ ಹೋಗಲ್ಲ,” ಎಂದಳು.

ಈಗ ಜಗಳ ಶುರುವಾಗುತ್ತದೆ ಎಂದು ಅವಳು ಸೊಂಟ ಬಿಗಿದು ನಿಂತಳು. ಜಗಳ ಬರಲಿಲ್ಲ. ಅವನು ಅಚ್ಚನ್ನು ಕೈಗೆ ತೆಗೆದುಕೊಂಡು ಇಪ್ಪತ್ತೆರಡು ಸಂದುಗಳಲ್ಲೂ ಒಂದೊಂದಾಗಿ ಇಟ್ಟು ನೋಡಿದ. ನೋಡುತ್ತ ನೋಡುತ್ತ ಅವನ ಕಿವಿ ಕೆಂಪೇರಿತು. ಕೊನೆಗೆ, ಪೂರ್ತಿ ಬಿಚ್ಚಿಕೊಂಡು ಹೋಗುತ್ತೇನೆ, ಮತ್ತೆ ಬೆಸೆಯುವ ಮೊದಲು ನನ್ನ ಶೆಡ್ಡಿಗೆ ಬಂದು ಅಳತೆ ನೋಡುತ್ತೀರಾ ಎಂದು ಕೇಳಿದ. ಹಾಗೆ ಹೋಗಬೇಕೆಂಬ ನಿಯಮವಿರಲಿಲ್ಲ, ಹೋಗಬಾರದೆಂದೂ ಇರಲಿಲ್ಲ. ಅವಳು ಹ್ಞೂಂ ಎಂದಳು.

ಬುಧವಾರದ ಮಧ್ಯಾಹ್ನಗಳು ಹೀಗೆ ಶುರುವಾದವು. ಶೆಡ್ಡಿನ ತುಂಬ ಕಬ್ಬಿಣದ ಪುಡಿಯಿದ್ದರೂ ಅವಳಿಗೆಂದು ಒಂದು ಸ್ಟೂಲು ಮಾತ್ರ ಒರೆಸಿ ಇಟ್ಟಿರುತ್ತಿದ್ದ. ಕಿಡಿ ಹಾರುವ ಮೊದಲು ಅವನು ಕಣ್ಣು ಆಚೆ ತಿರುಗಿಸಲು ಹೇಳುತ್ತಿದ್ದ. ಬೆಂಕಿ ಆರಿದ ಕೂಡಲೇ ಅವಳು ಈಚೆ ತಿರುಗುತ್ತಿದ್ದಳು, ಅವನು ಮುಖದ ಕವಚ ಎತ್ತುತ್ತಿದ್ದ. ಎರಡೂ ನೋಟ ಒಂದೇ ಗಳಿಗೆಗೆ ಬಂದು ಡಿಕ್ಕಿ ಹೊಡೆಯುತ್ತಿದ್ದವು. ಆಮೇಲೆ ಇಬ್ಬರೂ ಕಬ್ಬಿಣವನ್ನೇ ನೋಡುತ್ತಿದ್ದರು.

“ಇವತ್ತು ಎಷ್ಟು ತಪ್ಪು?”

“ಎರಡು.”

“ಹೋದ ವಾರ ಮೂರಿತ್ತು. ಸುಧಾರಿಸ್ತಿದೀನಿ ಅನ್ನಿ.”

ಒಂದು ಬುಧವಾರ ತಪ್ಪೇ ಸಿಗಲಿಲ್ಲ. ಇಬ್ಬರಿಗೂ ಯಾಕೋ ಪೆಚ್ಚಾಯಿತು. ಮೂಲೆಗಳನ್ನು ಇನ್ನೂ ಸ್ವಲ್ಪ ಉಜ್ಜಬೇಕು, ಮುಂದಿನ ವಾರ ನೋಡುತ್ತೇನೆ ಎಂದುಬಿಟ್ಟಳು. ಮೂಲೆಗಳು ಆಗಲೇ ಬೆಣ್ಣೆಯಂತೆ ನುಣುಪಾಗಿದ್ದವು. ಅವನು ಎದುರು ಮಾತಾಡದೆ ಉಜ್ಜುವ ಕಾಗದ ಹುಡುಕಲು ಹೋದ.

ಮಕ್ಕಳ ರಜೆ ಮುಗಿಯುವ ಹೊತ್ತಿಗೆ ಹಡಗು ಮತ್ತೆ ಅಂಗಳಕ್ಕೆ ಬಂತು. ಅವಳು ಮೆಟ್ಟಿಲ ಕೆಳಗೆ ಅಂಗಾತ ಮಲಗಿ ಒಮ್ಮೆಯಲ್ಲ, ಮೂರು ಸಲ ನೋಡಿದಳು. ಪಕ್ಕದಲ್ಲಿ ಮಂಡಿಯೂರಿ ಅವನು ಟಾರ್ಚು ಹಿಡಿದಿದ್ದ. ಎಲ್ಲವೂ ಸರಿಯಾಗಿತ್ತು. ಅವಳು ಫಾರಂ ತೆಗೆದು ಪೆನ್ನು ಬಿಚ್ಚಿದಳು.

ಪೆನ್ನು ಮುಂದೆ ಹೋಗಲಿಲ್ಲ. ಸರಿಯಿದೆ ಎಂದು ಹೇಳುತ್ತಿರುವುದು ತನ್ನ ಕಣ್ಣೋ, ಮನಸ್ಸೋ? ಫಾರಂ ಮಡಿಸಿಟ್ಟುಕೊಂಡು, ಆಫೀಸಿನಿಂದ ತಿಳಿಸುತ್ತಾರೆ ಎಂದಷ್ಟೇ ಹೇಳಿ ಹೊರಟಳು. ಅಂದೇ, ಈ ಶಾಲೆಗೆ ಬೇರೆಯವರನ್ನು ಕಳಿಸಿ ಎಂದು ಆಫೀಸಿಗೆ ಪತ್ರ ಬರೆದಳು.

ಅವನ ಕಿವಿಗೆ ಬಿದ್ದದ್ದು ಅಕ್ಕನ ಬಾಯಿಂದ, ಅದೂ ಅರ್ಧ ಮಾತ್ರ. ಅವಳು ಸಹಿ ಹಾಕಲ್ಲ ಅಂದಳಂತೆ. ಇಷ್ಟು ವಾರ ಎದುರಿಗೆ ಕೂತು ನಕ್ಕವಳು ಕೊನೆಗೆ ಕೈಬಿಟ್ಟಳಲ್ಲ ಎಂದು ಅವನ ಮನಸ್ಸು ಮುರಿಯಿತು. ಬುಧವಾರ ಬಂದರೂ ಸ್ಟೂಲು ಒರೆಸಲಿಲ್ಲ. ಅವಳು ಫೋನು ಕೈಗೆತ್ತಿಕೊಂಡು, ತಪಾಸಣೆ ಮುಗಿಯುವವರೆಗೆ ಮಾತಾಡುವುದು ಸರಿಯಲ್ಲವೆಂದು ಮತ್ತೆ ಕೆಳಗಿಡುತ್ತಿದ್ದಳು.

ಶುಕ್ರವಾರ ನಿವೃತ್ತಿಯ ಅಂಚಿನಲ್ಲಿದ್ದ ಹಿರಿಯ ತಪಾಸಕರು ಬಂದರು. ಅರ್ಧ ಗಂಟೆ ಸುತ್ತಿ, ಮೂರನೇ ಮೆಟ್ಟಿಲ ಕೆಳಗೆ ಬೆರಳಿಟ್ಟರು. ಅಲ್ಲೊಂದು ಬೋಲ್ಟಿಗೆ ಟೋಪಿ ಇರಲಿಲ್ಲ, ಚೂಪಾದ ತುದಿ ಸರಿಯಾಗಿ ಮಗುವಿನ ಕಣ್ಣಿನ ಎತ್ತರಕ್ಕಿತ್ತು.

ಆ ಮೇಡಂ ಇದನ್ನು ಮೂರು ಸಲ ನೋಡಿದ್ದರು, ಅವರಿಗೆ ಕಾಣಲಿಲ್ಲವಲ್ಲ ಎಂದ ಅವನು.

ಹಿರಿಯರು ಕನ್ನಡಕದ ಮೇಲಿಂದ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದರು. “ಕಾಣೋದಿಲ್ಲ ಅಂತ ಅವರೇ ಬರೆದುಕೊಟ್ಟಿದಾರೆ. ಕೆಲಸ ಮಾಡಿದವರ ಮೇಲೆ ನನಗೆ ಒಲವಿದೆ, ನನ್ನ ತೀರ್ಮಾನ ನಂಬಬೇಡಿ ಅಂತ. ಮೂವತ್ತು ವರ್ಷದ ಸರ್ವೀಸಲ್ಲಿ ಇಂಥ ಪತ್ರ ನಾನು ನೋಡಿಲ್ಲಪ್ಪ.”

ಅವನು ಆ ಬೋಲ್ಟಿಗೆ ಟೋಪಿ ಹಾಕಿ, ಎರಡೆರಡು ಸಲ ಬಿಗಿದು, ಅವಳನ್ನು ಹುಡುಕಿಕೊಂಡು ಹೊರಟ. ಎರಡು ಬೀದಿ ಆಚೆಯ ಶಾಲೆಯಲ್ಲಿ ಅವಳು ಮಕ್ಕಳು ಕೈ ತೊಳೆಯುವ ನಲ್ಲಿಯ ಬಿಸಿನೀರಿಗೆ ಥರ್ಮಾಮೀಟರು ಹಿಡಿದು ನಿಂತಿದ್ದಳು. ಬೋಲ್ಟಿನ ಸುದ್ದಿ ಕೇಳಿ ಅವಳ ಮುಖ ಬಿಳಿಚಿತು.

“ಮಗುವಿನ ಕಣ್ಣಿಗೆ ತಗುಲಿದ್ದಿದ್ರೆ?”

“ತಗುಲಲ್ಲ. ಟೋಪಿ ಹಾಕೇ ಬಂದೆ. ಅವರು ಸಹಿಯನ್ನೂ ಹಾಕಿದ್ರು.” ಅವನು ಒಂದು ಹೆಜ್ಜೆ ಹತ್ತಿರ ಬಂದ. “ನಾನು ಕೇಳೋಕೆ ಬಂದದ್ದು ಬೇರೆ. ನಾನು ಟಾರ್ಚು ಬಿಟ್ಟಿದ್ದು ಆ ಮೆಟ್ಟಿಲ ಕೆಳಗೇನೇ. ಮೂರು ಸಲವೂ ನೀವು ಏನು ನೋಡ್ತಿದ್ರಿ?”

ಅವಳು ನಲ್ಲಿ ನಿಲ್ಲಿಸಿದಳು. ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

“ಟಾರ್ಚು ಹಿಡಿದ ಕೈ,” ಎಂದಳು.

ಅವನ ಕಿವಿ ಕೆಂಪೇರಿತು. ಅವನು ಆ ಕೈಯನ್ನೇ ಮುಂದೆ ಚಾಚಿದ. ಅವಳು ಒದ್ದೆ ಬೆರಳುಗಳನ್ನು ಸೆರಗಿಗೂ ಒರೆಸದೆ ಅದರೊಳಗೆ ಇಟ್ಟಳು.

ಆ ಶಿಶುವಿಹಾರದ ತಪಾಸಣೆಗೆ ಈಗ ಬೇರೆಯವರೇ ಹೋಗುತ್ತಾರೆ. ಅವಳು ಹೋಗುವುದು ಸಂಜೆ, ಮುಖ್ಯಸ್ಥೆಯ ತಮ್ಮನ ಹೆಂಡತಿಯಾಗಿ, ಟೇಪಿಲ್ಲದೆ ಬರಿಗೈಯಲ್ಲಿ. ಅಂಗಳದ ಬೆಂಚಿನ ಮೇಲೆ ಕೂತು, ಹಡಗಿನಿಂದ ಜಾರುವ ಮಕ್ಕಳನ್ನು ಎಲ್ಲ ಹೆಂಗಸರಂತೆ ಸುಮ್ಮನೆ ನೋಡುತ್ತಾಳೆ.