7319ರ ಬೋಲ್ಟು

“ಈ ಬೋಲ್ಟನ್ನ ಅದರದೇ ಬಂದೂಕಿಗೆ ಮಾತ್ರ ಹಾಕಬೇಡಿ ಕಣಪ್ಪಾ. ಹಾಕಿದ ಕೈ ಉಳಿಯಲ್ಲ,” ಎಂದಳು ಮುದುಕಿ ಮೇವಿಸ್ ಆಕ್ರಾಯ್ಡ್.

ಡೆನ್ಜಿಲ್ ಪಾರ್ಜಿಟರ್ ಗಹಗಹಿಸಿ ನಕ್ಕ. ಹಳೆಯ ಬಂದೂಕು ಕೂಡಿಡುವ ಶೋಕಿಯವರಲ್ಲಿ ಇವನಂಥ ಬಡಾಯಿಕೋರ ಇಡೀ ಯಾರ್ಕ್‌ಷೈರಿನಲ್ಲಿ ಇನ್ನೊಬ್ಬನಿರಲಿಲ್ಲ. ಲಂಡನ್ ಬಿಟ್ಟು ನಮ್ಮೂರಿಗೆ ಬಂದು ಎರಡೇ ವರ್ಷ. ಅಷ್ಟರಲ್ಲೇ ಇಲ್ಲಿನ ಬಂದೂಕು ಕಾರ್ಖಾನೆಯ ಚರಿತ್ರೆಯನ್ನು, ಅಲ್ಲಿ ದುಡಿದು ಸತ್ತವರ ಮಕ್ಕಳಿಗೇ ಪಾಠ ಹೇಳುತ್ತಿದ್ದ. ಯುದ್ಧದ ಅವಸರಕ್ಕೆ ನಳಿಗೆಯ ಒಳಗಿನ ಐದು ಗೆರೆ ಎರಡಕ್ಕೆ ಇಳಿದದ್ದು, ಗುರಿ ನೋಡುವ ನಾಜೂಕಿನ ಕಣ್ಣು ಹೋಗಿ ಎರಡು ತೂತಿನ ತಗಡು ಬಂದದ್ದು, ಎಲ್ಲ ಅವನಿಗೆ ಬಾಯಿಪಾಠ. ಲೇತ್ ಮುಂದೆ ನಿಂತ ಹೆಂಗಸರ ಒಂದು ಹೆಸರೂ ಗೊತ್ತಿರಲಿಲ್ಲ.

ಅವನ ಬಳಿ 1943ರ ಒಂದು ಲೀ-ಎನ್‌ಫೀಲ್ಡ್ ಇತ್ತು. ನಂಬರು 7319. ಮೈಯ ಮೇಲೆ, ಮರದ ಮೇಲೆ, ಮ್ಯಾಗಜಿನ್ ಮೇಲೆ ಅದೇ ನಂಬರು. ಗುಂಡನ್ನು ನಳಿಗೆಗೆ ತಳ್ಳುವ, ಹಿಡಿಯಿರುವ ಉಕ್ಕಿನ ಸರಳು, ಅಂದರೆ ಬೋಲ್ಟು ಮಾತ್ರ ಬೇರೆಯದು. ಅದೊಂದು ಕೂಡದಿದ್ದರೆ ಈ ಶೋಕಿಯವರ ಕಣ್ಣಿಗೆ ಬಂದೂಕು ಅರೆಬರೆ. ಹನ್ನೊಂದು ವರ್ಷ ಅದಕ್ಕಾಗಿ ಒದ್ದಾಡಿದ್ದ. 7319ರ ಬೋಲ್ಟು ಮೇವಿಸ್ ಮನೆಯಲ್ಲಿ, ತುಕ್ಕು ಹಿಡಿಯದಂತೆ ಕೊಬ್ಬು ತುಂಬಿದ ಡಬ್ಬಿಯೊಳಗಿದೆ ಎಂದು ಪಬ್ಬಿನಲ್ಲಿ ಕೇಳಿ ಓಡಿ ಬಂದಿದ್ದ.

“ಬೋಲ್ಟಿಗೆ ನಂಬರು ಹೊಡೀತಿದ್ದವಳು ನಮ್ಮಮ್ಮ,” ಎಂದಳು ಮೇವಿಸ್. “ಒಂದಿನ ಚಿಕ್ಕಮ್ಮನ ಕೈ ಯಂತ್ರಕ್ಕೆ ಸಿಕ್ಕಿ ಮಣಿಕಟ್ಟಿನಿಂದ ಹೋಯ್ತು. ಫೋರ್‌ಮನ್ ರಕ್ತ ಒರೆಸಿ, ‘ನಡೀರಿ, ಕೆಲಸ ನಿಲ್ಲಬಾರದು’ ಅಂದ. ಅಮ್ಮ ಆ ರಕ್ತದಲ್ಲೇ ಅಚ್ಚು ಅದ್ದಿ ಈ ನಂಬರು ಹೊಡೆದಳು. ಹೊಡೀತಾ ಶಾಪ ಹಾಕಿದಳು. ಬಂದೂಕು ಜೋಡಿಸಿ ನೋಡಿದವನು ಅದೇ ಫೋರ್‌ಮನ್. ವಾರದಲ್ಲಿ ಅವನ ಬಲಗೈ ಒಣಗಿತು. ಆಮೇಲೆ ಅಮ್ಮನಿಗೇ ಹೆದರಿಕೆ. ಪಾಪ, ಯಾವ ಸಿಪಾಯಿ ಪಾಲಿಗೆ ಹೋಗುತ್ತೋ ಅಂತ ಬೋಲ್ಟನ್ನ ಬಿಚ್ಚಿ ಬುತ್ತಿಡಬ್ಬಿಯಲ್ಲಿ ಬಚ್ಚಿಟ್ಟು ತಂದಳು.”

“ಅಂದ್ರೆ ಸರ್ಕಾರಿ ಮಾಲು ಕದ್ದಳು ಅನ್ನಿ, ಅಮ್ಮಾವ್ರೇ,” ಎಂದು ಡೆನ್ಜಿಲ್ ಕಣ್ಣು ಮಿಟುಕಿಸಿದ.

ಮೇವಿಸ್ ಮುಖ ಕೆಂಪಾಯಿತು. ಆದರೂ ಬಂದವರಿಗೆ ಚಹಾ ಕೊಡದೆ ಕಳಿಸುವ ಜಾಯಮಾನ ಅವಳದಲ್ಲ. ಅವಳು ಒಳಗೆ ಹೋದದ್ದೇ ತಡ, ಈ ಮಹಾಶಯ ಜೇಬಿನಲ್ಲಿ ತಂದಿದ್ದ ಬೇರೆ ಬೋಲ್ಟನ್ನು ಮೇಜಿನ ಮೇಲಿದ್ದ ಡಬ್ಬಿಯ ಕೊಬ್ಬಿನೊಳಗೆ ತುರುಕಿ, 7319ರದನ್ನು ಎತ್ತಿಕೊಂಡ. ಚಹಾ ಕುಡಿದ. ಬಿಸ್ಕತ್ತನ್ನೂ ತಿಂದ. ನಾಚಿಕೆಗೆಟ್ಟವನು.

ಭಾನುವಾರ ಮಧ್ಯಾಹ್ನ, ತೋಟದ ಷೆಡ್ಡಿನಲ್ಲಿ, ಅದನ್ನು ಒರೆಸಿ ಬಂದೂಕಿಗೆ ಹಾಕಿದ. ಬೋಲ್ಟು ಬೆಣ್ಣೆಯಂತೆ ಜಾರಿ ಕೂತಿತು. ಖುಷಿಗೆ ಅವನ ಕಣ್ಣಲ್ಲಿ ನೀರು ಬಂತು. ಮದುವೆಯ ದಿನವೂ ಬಂದಿರಲಿಲ್ಲ.

ಆಗ ವಾಸನೆ ಬಂತು. ಹಳಸಿದ ಕೊಬ್ಬಿನದಲ್ಲ. ಕಾದ ಎಣ್ಣೆ, ಸುಟ್ಟ ಕೂದಲು, ಅದರಡಿ ಹಸಿ ರಕ್ತ. ಕಿಟಕಿಯಲ್ಲಿ ಬಿಸಿಲಿದ್ದರೂ ಷೆಡ್ಡಿನೊಳಗೆ ಕತ್ತಲು ದಟ್ಟವಾಗತೊಡಗಿತು. ಎಲ್ಲೋ ಕಾರ್ಖಾನೆಯ ಯಂತ್ರಗಳು ತಿರುಗುವ ಗುಂಯ್‌ಗುಟ್ಟುವಿಕೆ. ಬಲ ಮಣಿಕಟ್ಟು ತುರಿಸಿತು.

ಠಣ್.

ಅಚ್ಚಿನ ಮೇಲೆ ಸುತ್ತಿಗೆ ಬಿದ್ದ ಸದ್ದು. ಮಣಿಕಟ್ಟಿನ ಮೇಲೆ ಏಳು ಮೂಡಿತು. ಕಿರುಬೆರಳು ಸತ್ತಿತು.

ಠಣ್. ಮೂರು. ಉಂಗುರದ ಬೆರಳು.

ಬೋಲ್ಟನ್ನು ಹೊರಕ್ಕೆ ಎಳೆದ. ಬರಲಿಲ್ಲ. ಕಾಲೊತ್ತಿ ಎಳೆದ. ಬರಲಿಲ್ಲ. ಫೋನು ಹೊಡೆದುಕೊಂಡಿತು. ಎಡಗೈಯಲ್ಲಿ ಒತ್ತಿ ಸ್ಪೀಕರಿಗೆ ಹಾಕಿದ. ಮೇವಿಸ್.

“ಡಬ್ಬಿ ತೆಗೆದು ನೋಡಿದೆ, ಕದ್ದಿರಲ್ಲಾ! ಹಾಕಿಬಿಟ್ಟಿರಾ?”

“ಏನ್ ಮಾಡ್ಲಿ ಹೇಳಿ!”

“ಬೋಲ್ಟಿನ ಹಿಡಿ ಮೇಲಿನ ನಂಬರು ಅರ ಹಾಕಿ ಉಜ್ಜಿಬಿಡಿ. ಹಾಕಿದವರೇ ಅಳಿಸಬೇಕು. ಬೇಗ! ಆ ಫೋರ್‌ಮನ್ನಿಗೂ ಹೇಳಿದ್ದಳು ಅಮ್ಮ, ಸರ್ಕಾರದ ನಂಬರು ಮುಟ್ಟಲ್ಲ ಅಂದ.”

ಠಣ್. ಒಂದು. ನಡುಬೆರಳು.

ಎಡಗೈಯಲ್ಲಿ ಅರ ಹಿಡಿದ. ಬೋಲ್ಟಿಗೆ ತಾಗಿಸಿದ. ನಂಬರು ಎದುರಿಗೇ ಇತ್ತು. ಎಂಬತ್ತು ವರ್ಷದ, ಯಾರೂ ಮುಟ್ಟದ, ಅಪ್ಪಟ ನಂಬರು. ಒಂದೇ ಒಂದು ಉಜ್ಜು ಸಾಕು. ಹನ್ನೊಂದು ವರ್ಷ. ನಂಬರು ಉಜ್ಜಿದ ಬೋಲ್ಟೆಂದರೆ ಗುಜರಿ. ಬಂದೂಕು ಕ್ಲಬ್ಬಿನವರು ನಗುತ್ತಾರೆ.

“ಉಜ್ಜಿದಿರಾ? ಮಾತಾಡಿ!”

ಠಣ್. ಒಂಬತ್ತು.

ಅವನು ಉಜ್ಜಿದ. ಕಣ್ಣು ಮುಚ್ಚಿ ಉಜ್ಜಿದ. ಹಲ್ಲು ಕಚ್ಚಿ ಉಜ್ಜಿದ. ಬೋಲ್ಟನ್ನಲ್ಲ. ತನ್ನ ಮಣಿಕಟ್ಟನ್ನು. ಚರ್ಮ ಹೋಯಿತು. ನಂಬರು ಹೋಗಲಿಲ್ಲ. ಮಾಂಸ ಹೋಯಿತು. ನಂಬರು ಕೆಳಗೆ ಇಳಿಯಿತು. ಬಿಳಿಯ ಮೂಳೆಯ ಮೇಲೆ ನೀಟಾಗಿ ಕೂತಿತು.

ಕಿರುಚಾಟ ಕೇಳಿ ಹೆಂಡತಿ ಹಿಲರಿ ಓಡಿ ಬಂದಳು. ಆಸ್ಪತ್ರೆಯಲ್ಲಿ ಬಲಗೈಯನ್ನು ಮಣಿಕಟ್ಟಿನಿಂದ ಮೇಲೆ ಕತ್ತರಿಸಿದರು. ಎಚ್ಚರವಾದಾಗ ಡೆನ್ಜಿಲ್ ತನ್ನ ಕೈಯ ಮಾತೆತ್ತಲಿಲ್ಲ.

“ಬೋಲ್ಟಿಗೇನಾದ್ರೂ ಗೀರು ಬಿತ್ತಾ?” ಎಂದು ಕೇಳಿದ.

ಹಿಲರಿ ಎದ್ದು ನಿಂತಳು. “ಇಲ್ಲ. ನಿನ್ನ ಬಂದೂಕು ಇದ್ದ ಹಾಗೇ ಇದೆ,” ಎಂದು ಕೋಟು ಎತ್ತಿಕೊಂಡು ಹೊರಟುಹೋದಳು.

ನೆಮ್ಮದಿಯಿಂದ ಕಣ್ಣು ಮುಚ್ಚಿದ. ಹೊದಿಕೆಯಡಿ, ಉಳಿದ ಎಡಗೈಯ ಮಣಿಕಟ್ಟು ತುರಿಸತೊಡಗಿತು.