ಅವಳು ಹೊರಗಿದ್ದಾಗಿನ ಉತ್ತರ

"ಇರ್ತೀನ್ರಿ. ಇನ್ನೊಂದಿಷ್ಟು ದಿನಾ ಇರ್ತೀನಿ."

ದಿಂಬಿನ ಪಕ್ಕದ ಬಿಳಿ ಪೆಟ್ಟಿಗೆಯಿಂದ ಗುರುಲಿಂಗನ ದನಿ ಬಂತು. ಹಾಸಿಗೆಯಲ್ಲಿದ್ದ ಗುರುಲಿಂಗನ ತುಟಿ ಅಲುಗಲಿಲ್ಲ. ಅವನು ಮಾತು ಕಳೆದುಕೊಂಡು ಹದಿನಾಲ್ಕು ತಿಂಗಳಾಗಿತ್ತು, ಪ್ರಜ್ಞೆ ಕಳೆದುಕೊಂಡು ಐದು ವಾರ. ಉಸಿರಾಟದ ಯಂತ್ರ ಅವನ ಎದೆಯನ್ನು ಏರಿಸಿ ಇಳಿಸುತ್ತಿತ್ತು.

ಆ ಪೆಟ್ಟಿಗೆಯ ಹೆಸರು ಇಚ್ಛಾವಾಹಕ. ಹಿಂದಿನ ಕಾಲದಲ್ಲಿ ಜನ ತಮಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಕಾಗದದ ಮೇಲೆ ಬರೆದಿಡುತ್ತಿದ್ದರು. ಕಾಯಿಲೆ ಮಾತ್ರ ಕಾಗದದಲ್ಲಿ ಬರೆದಂತೆ ಬರುತ್ತಿರಲಿಲ್ಲ. ಆದ್ದರಿಂದ ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಡಾ. ಶಹನಾಜ್ ಕಿತ್ತೂರ ಈ ಯಂತ್ರವನ್ನು ರೂಪಿಸಿದರು. ರೋಗಿಗೆ ಮಾತು ಇರುವಾಗಲೇ ಅದು ಅವನೊಡನೆ ತಿಂಗಳುಗಟ್ಟಲೆ ಮಾತಾಡುತ್ತದೆ. ನೋವಿನ ಬಗ್ಗೆ, ಭಯದ ಬಗ್ಗೆ, ಮನೆಯವರ ಬಗ್ಗೆ ಕೇಳುತ್ತದೆ. ಮುಂದೆ ಅವನು ಉತ್ತರಿಸಲಾರದಾದಾಗ, ಅವನು ಏನು ಹೇಳುತ್ತಿದ್ದನೋ ಅದನ್ನೇ ಹೇಳುತ್ತದೆ. ಕಾನೂನು ಆ ಉತ್ತರವನ್ನು ರೋಗಿಯದೇ ಉತ್ತರವೆಂದು ಒಪ್ಪಿತ್ತು. ಷರತ್ತುಗಳು ಎರಡು. ಕೇಳುವಾಗ ಹತ್ತಿರದ ಸಂಬಂಧಿ ಸಾಕ್ಷಿಯಾಗಿ ಕೋಣೆಯಲ್ಲೇ ಇರಬೇಕು. ಕೊನೆಯ ಉಸಿರಿನವರೆಗೂ ಇಚ್ಛಾವಾಹಕವನ್ನು ಆರಿಸಕೂಡದು, ಏಕೆಂದರೆ ಮನಸ್ಸು ಬದಲಿಸುವ ಹಕ್ಕು ರೋಗಿಗೆ ಕೊನೆಯವರೆಗೂ ಇರುತ್ತದೆ.

ಗುರುಲಿಂಗ ಕಾಲುವೆಗಳ ನೀರಿನ ಮಟ್ಟ ಅಳೆಯುವ ಇಂಜಿನಿಯರಾಗಿದ್ದ. ವಯಸ್ಸು ಮೂವತ್ತಾರು. ಅವನ ಹೆಂಡತಿ ನೀಲಾಂಬಿಕಾ ಸಾಕ್ಷಿಯಾಗಿ ರುಜು ಹಾಕಿದಳು. ಅವಳಿಗೆ ಸಂತೋಷವಾಗಲಿಲ್ಲ, ದುಃಖವೂ ಆಗಲಿಲ್ಲ. ನಾಳೆಯೂ ಬರಬೇಕು ಎಂದಷ್ಟೇ ಅನ್ನಿಸಿತು.

ಮರುದಿನ ಬೆಳಿಗ್ಗೆ ನರ್ಸ್ ದುಂಡವ್ವ ಅವನ ಬೆನ್ನಿನ ಹುಣ್ಣು ತೊಳೆಯುವಾಗ ನೀಲಾಳನ್ನು ಹೊರಗೆ ಕಳಿಸಿದಳು. ಅದೇ ಹೊತ್ತಿಗೆ ಶಹನಾಜ್ ಯಂತ್ರದ ತಪಾಸಣೆಗೆ ಬಂದರು. ದನಿ ಸರಿಯಾಗಿದೆಯೇ ನೋಡಲು ಹಿಂದಿನ ದಿನದ ಪ್ರಶ್ನೆಯನ್ನೇ ಕೇಳಿದರು: ಉಸಿರಾಟದ ಯಂತ್ರ ಇರಲೋ, ನಿಲ್ಲಿಸಲೋ?

ಪೆಟ್ಟಿಗೆ ಕೇಳಿತು: "ಆಕಿ ಹೊರಗ ಹೋದ್ಳೇನ್ರಿ?"

"ಹೂನ್ರಿ."

"ಹಂಗಾರ ಸಾಕ್ರಿ. ಬಿಟ್ಟುಬಿಡ್ರಿ ನನ್ನ."

ಶಹನಾಜ್ ಅದನ್ನು ದೋಷವೆಂದುಕೊಂಡರು. ಎಲ್ಲ ದಾಖಲೆಗಳನ್ನೂ ತೆಗೆದು ಸಂಜೆಯವರೆಗೆ ಕೂತು ಕೇಳಿದರು. ಆಮೇಲೆ ನೀಲಾಳನ್ನು ತಮ್ಮ ಕೋಣೆಗೆ ಕರೆಸಿದರು.

"ಇಪ್ಪತ್ನಾಕು ಸಲ ಮಾತುಕತಿ ಆಗ್ಯಾವ್ರಿ. ಪ್ರತಿ ಸಲಾನೂ ನೀವು ಬಾಜೂಕ ಕುಂತೀರಿ."

"ಮತ್ತ? ಒಬ್ರನ್ನ ಹೆಂಗ ಕಳಸ್ಲಿ ದವಾಖಾನಿಗೆ?"

"ತಪ್ಪಂತಿಲ್ರಿ. ನಮ್ಮಲ್ಲಿ ಯಾರೂ ಒಬ್ಬರ ಬರೂದಿಲ್ಲ, ಅದು ನಮಗ ಹೊಳೀಬೇಕಾಗಿತ್ತು. ಹದಿನೇಳನೇ ಸಲ ನೀವು ಔಷಧ ತರಾಕ ಹೋಗಿದ್ರಿ. ಹನ್ನೊಂದು ನಿಮಿಷ. ಆ ಹನ್ನೊಂದು ನಿಮಿಷದಾಗ ಅವರು ಬ್ಯಾರೇನ ಮಾತಾಡ್ಯಾರ."

"ಏನಂತ?"

"ಯಂತ್ರದ ಮ್ಯಾಲ ಬದುಕೂದು ಬ್ಯಾಡ ಅಂತ. ಆಕೀಗೆ ಹೇಳಬ್ಯಾಡ್ರಿ, ತಡಕೊಳ್ಳೂದಿಲ್ಲ ಅಂತ."

ನೀಲಾ ಕೈಯ ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡಳು.

"ನಮ್ಮ ಯಂತ್ರ ಕೆಟ್ಟಿಲ್ರಿ," ಎಂದರು ಶಹನಾಜ್. "ಉತ್ತರದ ಜೋಡಿ, ಯಾರು ಕೇಳಸ್ಕೊಂತಿದ್ರು ಅನ್ನೂದನ್ನೂ ಕಲತದ. ಅದಕ್ಕ ಕಣ್ಣಿಲ್ಲ, ಸ್ಪರ್ಶ ತಿಳಿಯೂದಿಲ್ಲ. ಕಿವಿ ಅಷ್ಟ. ನಿಮ್ಮ ಹೆಜ್ಜಿ, ಬಳಿ, ದನಿ, ಎಲ್ಲಾ ಗುರ್ತದ."

"ಎರಡರಾಗ ಯಾವ್ದು ಖರೆ?"

"ಎರಡೂ ಖರೇನ್ರಿ."

"ಹಂಗಂದ್ರ ಹೆಂಗ್ರಿ ಡಾಕ್ಟರ? ಇಷ್ಟು ದೊಡ್ಡ ಯಂತ್ರ ಮಾಡೀರಿ, ಕಡೀಕ ನನ್ನ ಮ್ಯಾಲ ಹಾಕ್ತೀರಿ!"

ಆಮೇಲೆ ನೀಲಾ ತಾನೇ ಹೇಳಿದಳು: "ನಾ ಇದ್ದಾಗ ಅವರು ನನ್ನ ಸಲುವಾಗಿ ಹೇಳ್ತಾರ. ನಾ ಇಲ್ದಾಗ ಹೇಳೂದು ಅವರದು."

ಆದರೆ ಸಾಕ್ಷಿ ಕೋಣೆಯಲ್ಲೇ ಇರಬೇಕಿತ್ತು. ಗುರುಲಿಂಗನಿಗೆ ಬೇರೆ ಹತ್ತಿರದವರಿರಲಿಲ್ಲ. ಅದಲ್ಲದೆ, ಅವನೊಬ್ಬನನ್ನೇ ಕಳಿಸಲು ಅವಳು ಸಿದ್ಧಳಿರಲಿಲ್ಲ.

ಎರಡು ದಿನ ಅವಳು ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತು ಚಪ್ಪಲಿ ಬಿಟ್ಟಳು. ಕಾಲುಂಗುರ ತೆಗೆದಳು. ಹಸಿರು ಬಳೆಗಳನ್ನು ಒಂದೊಂದಾಗಿ ಕಳಚತೊಡಗಿದಳು.

ದುಂಡವ್ವ ಓಡಿ ಬಂದಳು. "ಅಯ್ಯ ಅಕ್ಕಾರ, ಏನ್ ಮಾಡಾಕತ್ತೀರಿ? ಇನ್ನೂ ಅದಾರಲ್ರಿ ಅವರು! ಈಗ ಯಾಕ ತೆಗೀತೀರಿ ಬಳಿ?"

"ಸಪ್ಪಳಾಗ್ತಾವ," ಎಂದಳು ನೀಲಾ.

ಎಡಗೈಯ ಕೊನೆಯ ಬಳೆ ಗೆಣ್ಣಿನ ಹತ್ತಿರ ಸಿಕ್ಕಿಕೊಂಡಿತು. ದುಂಡವ್ವ ಕೈ ತೊಳೆಯುವ ಸೋಪು ತಂದು ಹಚ್ಚಿ, ಮುಖ ಆಚೆ ತಿರುಗಿಸಿಕೊಂಡು ಬಳೆಯನ್ನು ಎಳೆದಳು. ನೀಲಾ ತಾಳಿಯ ಗುಂಡುಗಳನ್ನು ಕರವಸ್ತ್ರದಲ್ಲಿ ಸುತ್ತಿ ಕುಪ್ಪಸದೊಳಗೆ ಇಟ್ಟುಕೊಂಡಳು. ಶಹನಾಜ್ ಬಾಗಿಲು ತೆರೆದರು. ಅವರ ಬೂಟಿನ ಸದ್ದಿನೊಳಗೆ ನೀಲಾಳ ಬರಿಗಾಲು ಕೇಳಿಸಲಿಲ್ಲ.

ಅವಳು ಹಾಸಿಗೆಯ ಪಕ್ಕ ಕೂತು ಗುರುಲಿಂಗನ ಕೈ ಹಿಡಿದುಕೊಂಡಳು. ಕೈ ಬೆಚ್ಚಗಿತ್ತು.

ಶಹನಾಜ್ ಪ್ರಶ್ನೆ ಕೇಳಿದರು.

"ಆಕಿ?" ಎಂದಿತು ಪೆಟ್ಟಿಗೆ.

ಶಹನಾಜ್ ನೀಲಾಳನ್ನು ನೋಡಿದರು. ನೀಲಾ ಇಲ್ಲವೆನ್ನಿ ಎಂಬಂತೆ ತಲೆ ಅಲ್ಲಾಡಿಸಿದಳು.

"ಇಲ್ರಿ," ಎಂದರು ಶಹನಾಜ್. ಇಪ್ಪತ್ತು ವರ್ಷಗಳ ವೃತ್ತಿಯಲ್ಲಿ ಅವರು ರೋಗಿಗೆ ಸುಳ್ಳು ಹೇಳಿದ್ದು ಅದೇ ಮೊದಲು.

"ಚಲೋ ಆತು. ಆಕಿ ಬರೂದರೊಳಗ ಮುಗಿಸ್ರಿ. ಬಂದ್ಲಂದ್ರ ನನ್ನ ಕೈಲೆ ಆಗೂದಿಲ್ಲ."

ನೀಲಾ ಸೆರಗನ್ನು ಬಾಯಿಗೆ ತುರುಕಿಕೊಂಡಳು. ದುಂಡವ್ವ ಉಸಿರಾಟದ ಯಂತ್ರ ನಿಲ್ಲಿಸಿದಳು. ಕೋಣೆ ಇದ್ದಕ್ಕಿದ್ದಂತೆ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ತನ್ನ ಉಸಿರು ಕೇಳಿಸಿಬಿಟ್ಟೀತೆಂದು ನೀಲಾ ಮೂಗು ಮುಚ್ಚಿ, ತಡೆಯಲಾರದಾದಾಗ ಸೆರಗಿನೊಳಗೆ ಸಣ್ಣಗೆ ಬಿಡುತ್ತಿದ್ದಳು. ನಾಲ್ಕು ನಿಮಿಷವಾಯಿತು. ಆರು ನಿಮಿಷವಾಯಿತು. ಒಮ್ಮೆ ಪೆಟ್ಟಿಗೆ, "ನೀಲಾ?" ಎಂದಿತು. ಅವಳು ಉತ್ತರಿಸಲಿಲ್ಲ.

ಒಂಬತ್ತನೆಯ ನಿಮಿಷಕ್ಕೆ ಗುರುಲಿಂಗನ ಎದೆ ತಾನಾಗಿ ಸಣ್ಣಗೆ ಅಲುಗುತ್ತಿದ್ದುದೂ ನಿಂತಿತು. ಶಹನಾಜ್ ನಾಡಿ ನೋಡಿ, ವೇಳೆ ಬರೆದು, ಇಚ್ಛಾವಾಹಕವನ್ನು ಆರಿಸಿದರು.

"ಈಗ ಅಳಬೌದ್ರಿ," ಎಂದರು.

ನೀಲಾ ಸೆರಗು ತೆಗೆಯಲಿಲ್ಲ. ಆರಿದ ಪೆಟ್ಟಿಗೆಯತ್ತ ಬೆರಳು ತೋರಿಸಿ, ಬರೀ ತುಟಿ ಆಡಿಸಿ ಕೇಳಿದಳು:

"ಖಾತ್ರಿ ಏನ್ರಿ? ಕೇಳ್ಸೂದಿಲ್ಲಲ್ಲ?"